ಸಣ್ಣ ಅಕ್ಷರದ ಎರಡು ಸಾಲು

ಟೇಪಕ್ಕ ಹೋಗಿ ಇವತ್ತಿಗೆ ನಲವತ್ತು ದಿನ. ಬಸ್ ನಿಲ್ದಾಣದ ಎದುರು, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತಿರುವ ಅವಳ ಅಂಗಡಿಯ ಶಟರ್ ಇಳಿದೇ ಇದೆ. ಆ ದಾರಿಯಲ್ಲಿ ಹೋಗುವವರು ಅಭ್ಯಾಸಬಲದಿಂದ ಒಮ್ಮೆ ಅತ್ತ ಕಿವಿ ಕೊಡುತ್ತಾರೆ, ಯಾವ ಹಾಡೂ ಕೇಳಿಸದೆ ಮುಂದೆ ಹೋಗುತ್ತಾರೆ. ಅವಳಿಗೆ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದಿತ್ತು. ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಅದಕ್ಕೆ ಇನ್ನೆಲ್ಲೂ ಕೆಲಸವಿರಲಿಲ್ಲ. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಅವಳನ್ನು ಟೇಪಕ್ಕ ಎಂದೇ ಕರೆಯುತ್ತಿದ್ದರು.

ಅಂಗಡಿ ಅವಳ ಅಪ್ಪನದು. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ. ಹನ್ನೆರಡನೇ ವಯಸ್ಸಿಗೇ ಮಗಳ ಕೈಗೆ ಬೆಸುಗೆ ಕಡ್ಡಿ ಕೊಟ್ಟು, ‘ಊದಬೇಡ, ತಾನಾಗೇ ಆರಲಿ’ ಎಂದು ಕಲಿಸಿದ್ದ. ಅವಳಿಗೆ ಹತ್ತೊಂಬತ್ತು ತುಂಬುವಷ್ಟರಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವನು ಕುಸಿದು ಹೋದ. ಚಿಕ್ಕಪ್ಪ ಬಂದು ಅಂಗಡಿಯನ್ನು ಬಾಡಿಗೆಗೆ ಕೊಡುವ ಮಾತಾಡಿದ.

“ಹೆಣ್ಣುಮಗಳು ಬಸ್‌ಸ್ಟ್ಯಾಂಡ್ ಎದುರಿಗೆ ಕೂತು ರೇಡಿಯೋ ಬಿಚ್ತಾಳಾ? ಆಮೇಲೆ ಇವಳನ್ನ ಯಾರು ಮದುವೆ ಆಗ್ತಾರೆ ಅತ್ತಿಗೆ?”

ಮರುದಿನ ಬೆಳಿಗ್ಗೆ ಮಗಳು ಅಂಗಡಿಗೆಂದು ಹೊರಟಾಗ ಅಮ್ಮ ಬಾಗಿಲಲ್ಲಿ ಕೈ ಅಡ್ಡ ಇಟ್ಟಳು. ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆಮೇಲೆ ಕೈ ತೆಗೆದು, ಒಳಗೆ ಹೋಗಿ ಅಪ್ಪನ ಬೀಗದ ಕೈಗೊಂಚಲನ್ನೂ ಊಟದ ಡಬ್ಬಿಯನ್ನೂ ತಂದು ಮಗಳ ಕೈಗಿಟ್ಟಳು. ಮುಂದೆ ಎಷ್ಟೋ ವರ್ಷ ‘ಮದುವೆ ಯಾಕಾಗಲಿಲ್ಲ?’ ಎಂದು ಯಾರು ಕೇಳಿದರೂ ಟೇಪಕ್ಕ ಬೆಸುಗೆಯಿಂದ ತಲೆ ಎತ್ತದೆ, “ಕೈ ಖಾಲಿ ಇಲ್ಲ” ಎನ್ನುತ್ತಿದ್ದಳು.

ರೇಡಿಯೋ ಕಾಲ ಮುಗಿಯುತ್ತಾ ಬಂದು ಕ್ಯಾಸೆಟ್ ಕಾಲ ಶುರುವಾಯಿತು. ಅವಳು ಎರಡು ಟೇಪ್ ಡೆಕ್ ಕೊಂಡು ಪಕ್ಕಪಕ್ಕ ಇಟ್ಟು, ಒಂದರಿಂದ ಇನ್ನೊಂದಕ್ಕೆ ಹಾಡು ತುಂಬಿಸಿಕೊಡತೊಡಗಿದಳು. ಅವಳು ತುಂಬಿಸಿದ ಕ್ಯಾಸೆಟ್ಟಿನಲ್ಲಿ ಹಾಡಿನ ಬಾಲ ಕತ್ತರಿಸಿ ಹೋಗುತ್ತಿರಲಿಲ್ಲ, ಕರ್ ಕರ್ ಸದ್ದಿರುತ್ತಿರಲಿಲ್ಲ. ಊರಲ್ಲಿ ಯಾವ ಸಭೆಯಾದರೂ ಮೈಕು ಕಟ್ಟುವವಳೂ ಅವಳೇ. ಅವಳ ಕೆಲಸ ಎಂದರೆ ಎರಡನೇ ಸಲ ನೋಡುವ ಹಾಗಿಲ್ಲ ಎಂದು ಹೆಸರಾಯಿತು. ಆ ಹೆಸರೇ ಅವಳ ಆಸ್ತಿ. ಕೊನೆಗೆ ಅವಳನ್ನು ಮೂವತ್ತು ವರ್ಷ ಗಂಟಲಲ್ಲಿ ಸಿಕ್ಕಿದ ಮುಳ್ಳಿನಂತೆ ಕಾಡಿದ್ದೂ ಅದೇ ಹೆಸರು.

ಈ ಊರಿಗೆ ಒಬ್ಬ ಹಾಡುಗಾರನ ಹುಚ್ಚು. ಅವನು ಈ ಊರಿನವನಲ್ಲ, ಇಲ್ಲಿಗೆ ಬಂದದ್ದೇ ಎರಡು ಸಲ. ಆದರೂ ಇಲ್ಲಿ ಅವನಿಗೊಂದು ಅಭಿಮಾನಿ ಬಳಗವಿತ್ತು, ಅದಕ್ಕೊಬ್ಬ ಅಧ್ಯಕ್ಷನಿದ್ದ. ಅಧ್ಯಕ್ಷ ಎಂದರೆ ಹಿಂದಿನ ಬೀದಿಯ ದರ್ಜಿ. ಭಾನುವಾರ ಬಂದರೆ ಅವನ ಅಂಗಡಿಯಲ್ಲಿ ಅರ್ಧ ಹೊಲಿದ ಅಂಗಿಗಳ ನಡುವೆ ಹತ್ತು ಹದಿನೈದು ಜನ ಮಂಡಿಗೆ ಮಂಡಿ ತಾಗಿಸಿ ಕೂತು ಹಾಡು ಕೇಳುತ್ತಿದ್ದರು. ಹಾಡುಗಾರನನ್ನು ಅವರೆಲ್ಲ ‘ಯಜಮಾನರು’ ಎಂದು ಕರೆಯುತ್ತಿದ್ದರು. ಒಂದು ಸಲ ದರ್ಜಿಯ ಹೆಂಡತಿ ಎಲ್ಲರೆದುರಿಗೇ ಕೇಳಿಬಿಟ್ಟಳು:

“ನಮ್ಮನೆ ಯಜಮಾನರು ಯಾರು ಅಂತ ಇವತ್ತು ತೀರ್ಮಾನ ಆಗಲಿ. ನೀವಾ, ಆ ಪೆಟ್ಟಿಗೆಯೊಳಗೆ ಹಾಡೋರಾ?”

“ಅವರೇ ಕಣೆ,” ಎಂದ ದರ್ಜಿ. “ಅವರು ಒಂದೇ ಮಾತನ್ನ ನೂರು ಸಲ ಹೇಳಿದರೂ ನೀನು ಕೇಳ್ತೀಯ. ನಾನು ಎರಡನೇ ಸಲ ಹೇಳಿದರೆ ಸಿಡುಕ್ತೀಯ.”

ಆ ಹಾಡುಗಾರ ಮೊದಲ ಸಲ ಬಂದಾಗ ಪುರಭವನದಲ್ಲಿ ಸಂಜೆ ಕಾರ್ಯಕ್ರಮ. ಅವನ ಜೊತೆ ಒಬ್ಬ ಪಿಟೀಲಿನವನು, ಅಷ್ಟೇ. ಮೈಕು ಟೇಪಕ್ಕನದು, ಧ್ವನಿಮುದ್ರಣವೂ ಟೇಪಕ್ಕನದೇ. ವೇದಿಕೆಯ ಪಕ್ಕದ ಪರದೆಯ ಹಿಂದೆ ಸ್ಟೂಲಿನ ಮೇಲೆ ಡೆಕ್ ಇಟ್ಟುಕೊಂಡು ಕೂತಿದ್ದಳು. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ನಲವತ್ತೈದು ನಿಮಿಷ. ಈ ಕೆಲಸಕ್ಕೆ ಅವಳದೇ ಒಂದು ನಿಯಮವಿತ್ತು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಎಡಗಡೆಯ ಸುರುಳಿ ಬಳೆಯಷ್ಟು ತೆಳ್ಳಗಾದರೆ ಹಾಡು ಕೇಳುವುದನ್ನು ಬಿಟ್ಟು ಚಪ್ಪಾಳೆಗೆ ಕಾಯಬೇಕು. ಚಪ್ಪಾಳೆ ಬಿದ್ದೊಡನೆ ಮಗ್ಗುಲು ಬದಲಿಸಬೇಕು. ಚಪ್ಪಾಳೆ ಹೋದರೆ ಯಾರಿಗೂ ನಷ್ಟವಿಲ್ಲ.

ಸುರುಳಿ ಬಳೆಯಷ್ಟಾದಾಗ ಹಾಡುಗಾರ ಹೊಸ ಹಾಡೊಂದನ್ನು ಎತ್ತಿಕೊಂಡ. ತಾನೇ ಕಟ್ಟಿದ್ದು, ರೆಕಾರ್ಡ್ ಕಂಪನಿಯವರಿಗೆ ಬೇಡವಾದದ್ದು ಎಂದು ನಗುತ್ತಾ ಹೇಳಿದ. ಮನೆ ಬಿಟ್ಟು ಹೋಗುವ ಮಗನ ಹಾಡು. ಮೊದಲ ಚರಣ ಮುಗಿಯಿತು, ಎರಡನೆಯದು ಮುಗಿಯಿತು. ಮೂರನೆಯದಕ್ಕೆ ಬಂದ.

ಹೊಸಿಲಿನಲ್ಲಿ ನಿಂತ ಅವ್ವ ಕೈಯ ಅಡ್ಡ ಇಟ್ಟಳು
ಹೋಗಬೇಡ ಎನ್ನಲಿಲ್ಲ, ಬುತ್ತಿ ತಂದು ಕೊಟ್ಟಳು
ತಿರುಗಿ ನೋಡದಿರಲಿ ಎಂದು ದೀಪ ಹಿಂದೆ ಹಿಡಿದಳು
ಹೊಳೆಯ ದಾಟಿದಾಗ ಮಾತ್ರ ಮೆಲ್ಲ ಹೆಸರ ಕರೆದಳು

ಆಗ ಟೇಪಕ್ಕನ ಅಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತಷ್ಟೆ. ಮೊದಲ ಸಾಲಿಗೇ ಅವಳ ಕಣ್ಣು ಕಿಟಕಿಯಿಂದ ಕಿತ್ತು ಬಂದಿತ್ತು. ಎರಡನೆಯ ಸಾಲಿನ ನಡುವೆ ಡೆಕ್ಕಿನ ಗುಂಡಿ ‘ಟಕ್’ ಎಂದು ಮೇಲೆದ್ದದ್ದು ಅವಳಿಗೆ ಕೇಳಿಸಲೇ ಇಲ್ಲ. ಸುರುಳಿ ನಿಂತದ್ದು ಕಣ್ಣಿಗೆ ಬಿದ್ದದ್ದು ಆಮೇಲೆ. ಕ್ಯಾಸೆಟ್ ಕಿತ್ತು, ತಿರುಗಿಸಿ, ಒತ್ತುವಷ್ಟರಲ್ಲಿ ಹಾಡುಗಾರ ಮೂರನೆಯ ಸಾಲಿನ ಕೊನೆಗೆ ಬಂದಿದ್ದ.

ಮರುದಿನ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಇಳಿಸಿ ಅವಳು ಕೆಲಸಕ್ಕೆ ಕೂತಳು. ಮೊದಲ ಸಾಲಿಗೂ ಮೂರನೆಯ ಸಾಲಿಗೂ ರಾಗ ಒಂದೇ. ಹಾಗಾಗಿ ಮೊದಲ ಸಾಲಿನ ಬಾಲಕ್ಕೆ ನಾಲ್ಕನೆಯ ಸಾಲಿನ ತಲೆಯನ್ನು ತಂದು ಕೂಡಿಸಿದರೆ ರಾಗಕ್ಕೆ ಏಟಾಗುವುದಿಲ್ಲ ಎಂದು ಅವಳ ಕಿವಿಗೆ ಹೊಳೆಯಿತು. ಟೇಪನ್ನು ತಡೆದು ನಿಲ್ಲಿಸುವ ಪಾಝ್ ಗುಂಡಿಯ ಮೇಲೆ ಹೆಬ್ಬೆರಳಿಟ್ಟು, ಉಸಿರು ಕಟ್ಟಿ, ಹದಿನೇಳು ಸಲ ಮಾಡಿದಳು. ಹದಿನೇಳನೆಯ ಸಲ ಬೆಸುಗೆ ಎಲ್ಲಿದೆ ಎಂದು ಅವಳಿಗೇ ಗೊತ್ತಾಗಲಿಲ್ಲ. ಹಾಡು ತುಂಡಾದ ಮೂಲ ಕ್ಯಾಸೆಟ್ಟನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ಹಳೆಯ ರೇಡಿಯೋ ವಾಲ್ವುಗಳ ಹಿಂದೆ ತಳ್ಳಿದಳು.

ನಾಲ್ಕು ಗಂಟೆಗೆ ದರ್ಜಿ ಓಡಿ ಬಂದ. “ಸರಿಯಾಗಿ ಬಂದಿದೆಯಾ ಅಕ್ಕಾ?”

ಹೇಳಿಬಿಡಬಹುದಾಗಿತ್ತು. “ಬಂದಿದೆ,” ಎಂದಳು.

ಆ ಒಂದು ಕ್ಯಾಸೆಟ್ಟಿನಿಂದ ಊರಿಗೆ ಊರೇ ಹಾಡು ಕಲಿಯಿತು. ಬಸ್ಸಿನಲ್ಲಿ ಅದೇ, ಕ್ಷೌರದಂಗಡಿಯಲ್ಲಿ ಅದೇ, ಹಿಟ್ಟಿನ ಗಿರಣಿಯ ಗದ್ದಲದ ಒಳಗೂ ಅದೇ. ಪುರಭವನದಲ್ಲಿ ಆ ಎರಡು ಸಾಲನ್ನು ಕಿವಿಯಾರೆ ಕೇಳಿದ್ದವರೂ ಕ್ಯಾಸೆಟ್ ಕೇಳಿ ಕೇಳಿ ಮರೆತರು. ಬೇರೆ ಎಲ್ಲ ಚರಣಕ್ಕೂ ನಾಲ್ಕು ಸಾಲು, ಮೂರನೆಯದಕ್ಕೆ ಮಾತ್ರ ಎರಡೇ. ಇದಕ್ಕೆ ಅರ್ಥ ಹುಡುಕಿದವರು ಬಳಗದ ಮೇಷ್ಟ್ರು, ಹೈಸ್ಕೂಲಿನಲ್ಲಿ ಭಾಷೆ ಕಲಿಸುತ್ತಿದ್ದವರು.

“ಕೈ ಅಡ್ಡ ಇಟ್ಟಳು. ಆಮೇಲೆ ನೇರ ಹೊಳೆ! ನಡುವೆ ಏನಾಯ್ತು? ಮಗ ಕೈ ತಳ್ಳಿ ಹೋದ. ಅದನ್ನ ಕವಿ ಹೇಳಲ್ಲ ನೋಡಿ, ಬಿಡ್ತಾನೆ. ಆ ಬಿಟ್ಟ ಜಾಗದಲ್ಲೇ ಇರೋದು ಕಾವ್ಯ!”

ಬಳಗದವರೆಲ್ಲ ತಲೆದೂಗಿದರು. ಮೇಷ್ಟ್ರು ಆ ಬಿಟ್ಟ ಜಾಗದ ಮೇಲೆ ಹನ್ನೊಂದು ಪುಟದ ಲೇಖನ ಬರೆದು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಹಾಕಿಸಿದರು. ಟೇಪಕ್ಕನಿಗೂ ಒಂದು ಪ್ರತಿ ಕೊಟ್ಟರು. ಅವಳು ಅದನ್ನು ಓದಲಿಲ್ಲ, ಬಿಸಾಡಲೂ ಇಲ್ಲ. ಬಿಸ್ಕತ್ತಿನ ಡಬ್ಬಿಯಲ್ಲೇ ಇಟ್ಟಳು.

ನಕ್ಕು ಸುಮ್ಮನಾಗುವ ವಿಷಯವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ದರ್ಜಿ ಇದ್ದ. ಅವನು ಹದಿನೇಳರ ಹರೆಯದಲ್ಲಿ ಅಮ್ಮನ ಜೊತೆ ಜಗಳವಾಡಿ, ಅವಳ ಕೈ ಕೊಡವಿ ಮನೆ ಬಿಟ್ಟು ಬಂದವನು. ಮತ್ತೆ ಹೋಗುವಷ್ಟರಲ್ಲಿ ಅವಳಿರಲಿಲ್ಲ. ಮೂರನೆಯ ಚರಣ ಬಂದರೆ ಹೊಲಿಗೆ ಮಿಷನ್ನಿನ ಮೇಲಿನ ಅವನ ಕಾಲು ನಿಂತುಬಿಡುತ್ತಿತ್ತು. “ಯಜಮಾನರು ನನ್ನ ಕಥೆನೇ ಬರೆದಿದ್ದಾರೆ ಅಕ್ಕಾ,” ಎನ್ನುತ್ತಿದ್ದ. “ಹೊಳೆ ದಾಟಿದ ಮೇಲೆ ಕರೆದರೇನು ಬಂತು? ಬಾಗಿಲಲ್ಲಿ ಒಂದು ಒಳ್ಳೇ ಮಾತಾಡಿದ್ದರೆ ನಾನು ಹೋಗ್ತಿದ್ದೆನಾ?” ಟೇಪಕ್ಕನ ನಾಲಗೆಯ ತುದಿಗೆ ಆ ಎರಡು ಸಾಲು ಬಂದು ನಿಲ್ಲುತ್ತಿದ್ದವು. ನುಂಗಿಕೊಳ್ಳುತ್ತಿದ್ದಳು.

ಹನ್ನೊಂದು ವರ್ಷದ ಮೇಲೆ ಹಾಡುಗಾರ ಎರಡನೇ ಸಲ ಬಂದ. ಪಿಟೀಲಿನವನು ಕಾಯಿಲೆ ಬಿದ್ದದ್ದರಿಂದ ಈ ಸಲ ಒಬ್ಬನೇ ಬಂದಿದ್ದ. ಜನ ಅದೇ ಹಾಡು ಬೇಕೆಂದು ಕೂಗಿದರು, ಅವನು ಎತ್ತಿಕೊಂಡೊಡನೆ ದನಿಗೂಡಿಸಿದರು. ಮೂರನೆಯ ಚರಣದಲ್ಲಿ ಮೊದಲ ಸಾಲಾದ ಮೇಲೆ ಇಡೀ ಪುರಭವನ ಒಂದೇ ಜಿಗಿತಕ್ಕೆ ಹೊಳೆಯ ಆಚೆಗಿತ್ತು. ‘ಹೋಗಬೇಡ’ ಎಂದು ಬಾಯಿ ತೆರೆದಿದ್ದ ಹಾಡುಗಾರ ಬೆಚ್ಚಿ ನೋಡಿದ. ಆಮೇಲೆ ನಕ್ಕು, ಜನರ ಹಿಂದೆಯೇ ಹೋದ. ಮುಗಿದ ಮೇಲೆ, “ನನ್ನ ಹಾಡನ್ನ ನನಗಿಂತ ಬೇಗ ಮುಗಿಸ್ತೀರಲ್ರೀ!” ಎಂದ. ಜನ ಹೋ ಎಂದು ನಕ್ಕರು. ಪರದೆಯ ಹಿಂದೆ ನಿಂತಿದ್ದ ಒಬ್ಬಳು ನಗಲಿಲ್ಲ.

ಹೊರಡುವಾಗ ಅವನು ತಾನಾಗಿ ಅವಳ ಬಳಿ ಬಂದ. “ಮೈಕು ಚೆನ್ನಾಗಿತ್ತಮ್ಮ. ನನ್ನ ದನಿ ನನಗೇ ಇಷ್ಟವಾಯ್ತು.” ಈಗ ಹೇಳಬೇಕು ಎಂದುಕೊಂಡು ಅವಳು ಕೈಯಲ್ಲಿದ್ದ ವೈರನ್ನು ಸುತ್ತಿದಳು, ಸುತ್ತಿದ್ದನ್ನು ಬಿಚ್ಚಿದಳು, ಮತ್ತೆ ಸುತ್ತಿದಳು. ತಲೆ ಎತ್ತುವಷ್ಟರಲ್ಲಿ ಅವನು ಕಾರು ಹತ್ತಿದ್ದ.

ಎರಡು ವರ್ಷದ ಹಿಂದೆ ಅವನು ತೀರಿಕೊಂಡ. ಸುದ್ದಿ ಬಂದಾಗ ಬೆಳಿಗ್ಗೆ ಹತ್ತು ಗಂಟೆ. ದರ್ಜಿ ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಟೇಪಕ್ಕನ ಅಂಗಡಿಗೆ ಬಂದು, ಗಿರಾಕಿಗಳ ಬೆಂಚಿನ ಮೇಲೆ ಕೂತು, “ಹೋಗ್ಬಿಟ್ಟರಲ್ಲಕ್ಕಾ” ಎಂದ. ಅವಳು ಆ ಕ್ಯಾಸೆಟ್ ಹಾಕಿ ದನಿಯನ್ನು ಬೀದಿಗೆ ಬಿಟ್ಟಳು. ಹಾಡು ಕೇಳಿ ಬಸ್ ಚಾಲಕರು ಇಳಿದು ಬಂದರು, ಔಷಧಿ ಅಂಗಡಿಯವರು ಬಂದರು; ಎಲ್ಲರೂ ಬಿಸಿಲಲ್ಲೇ ನಿಂತರು. ಮೂರನೆಯ ಚರಣ ಬಂದಾಗ ಟೇಪಕ್ಕ ಮಾತ್ರ ಒಳಗೆ ಹೋದಳು. ಇನ್ನು ಕ್ಷಮೆ ಕೇಳೋಣವೆಂದರೂ ಕೇಳಿಸಿಕೊಳ್ಳುವವನಿಲ್ಲ. ಆ ಎರಡು ಸಾಲು ಇನ್ನು ಇರುವುದು ತನ್ನ ತಲೆಯಲ್ಲಿ ಮಾತ್ರ, ತಾನು ಹೋದರೆ ಅವೂ ಹೋದ ಹಾಗೆ ಎಂಬುದು ಆಗ ಅವಳಿಗೆ ಹೊಡೆದಂತೆ ಅರಿವಾಯಿತು.

ಬಳಗದವರು ಪುರಭವನದಲ್ಲಿ ಶ್ರದ್ಧಾಂಜಲಿ ಸಭೆ ಗೊತ್ತುಮಾಡಿದರು. ಒಳಗಿನ ದೊಡ್ಡ ಗೋಡೆಯ ಮೇಲೆ ಆ ಹಾಡನ್ನು ಇಡಿಯಾಗಿ ಬಣ್ಣದಲ್ಲಿ ಬರೆಸಬೇಕೆಂದೂ ನಿಶ್ಚಯಿಸಿದರು. ಮೇಷ್ಟ್ರು ಕ್ಯಾಸೆಟ್ ಕೇಳಿ ಮುತ್ತಿನಂಥ ಅಕ್ಷರದಲ್ಲಿ ಹಾಡನ್ನು ಬರೆದುಕೊಟ್ಟರು. ದರ್ಜಿ ಆ ಹಾಳೆಯನ್ನು ಟೇಪಕ್ಕನ ಮುಂದಿಟ್ಟ.

“ಒಂದು ಸಲ ಓದಿಬಿಡಕ್ಕಾ. ನೀನು ಹೂಂ ಅಂದ್ರೆ ಪೇಂಟರ್‌ಗೆ ಕೊಡ್ತೀನಿ. ಗೋಡೆ ಮೇಲೆ ಬರೆದ ಮೇಲೆ ಮುಗೀತು ನೋಡು, ನಮ್ಮ ಮೊಮ್ಮಕ್ಕಳು ಓದೋದೂ ಇದನ್ನೇ.”

ಅವಳು ಓದಿದಳು. ಮೂರನೆಯ ಚರಣದ ಬಳಿ ಬೆರಳು ನಿಂತಿತು.

“ಏನಕ್ಕಾ?”

“ಕನ್ನಡಕ ತಂದಿಲ್ಲ,” ಎಂದಳು. ಕನ್ನಡಕ ಮೂಗಿನ ಮೇಲೇ ಇತ್ತು. ಅಳುತ್ತಿದ್ದಾಳೆ ಎಂದುಕೊಂಡು ದರ್ಜಿ ಮುಖ ಆಚೆ ತಿರುಗಿಸಿದ. ಅವಳು ಹೂಂ ಎಂದು ಹಾಳೆಯನ್ನು ಮಡಿಸಿ ಕೊಟ್ಟಳು.

ಆ ಭಾನುವಾರ ಬೆಳಿಗ್ಗೆ ಪುರಭವನದಲ್ಲಿ ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತರು. ಟೇಪಕ್ಕ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ಮೈಕು ಕಟ್ಟಿದ್ದಳು. ಅವಳ ಚೀಲದಲ್ಲಿ ಬಿಸ್ಕತ್ತಿನ ಡಬ್ಬಿ ಇತ್ತು. ಹೊರಡುವಾಗ ಅದನ್ನು ಯಾಕೆ ಚೀಲಕ್ಕೆ ಹಾಕಿಕೊಂಡಳೆಂದು ಅವಳಿಗೂ ಗೊತ್ತಿರಲಿಲ್ಲ. ಗೋಡೆಯ ಮುಂದಿನ ಬಟ್ಟೆ ಸರಿಸಿದರು. ನೀಲಿ ಅಕ್ಷರಗಳು ಬಣ್ಣದ ವಾಸನೆಯೊಡನೆ ಹೊರಬಂದವು. ದೂರದಿಂದ ಪಿಟೀಲಿನವನನ್ನೂ ಕರೆಸಿದ್ದರು. ಈಗ ಅವನು ಎಂಬತ್ತರ ಅಜ್ಜ, ಕಣ್ಣಿಗೆ ಪೊರೆ ಬಂದು ಗೋಡೆಯೇ ಕಾಣದು. ಆದರೆ ಕಮಾನು ಎಳೆದರೆ ನಾದ ಹಳೆಯದೇ.

ಅಜ್ಜ ನುಡಿಸಿದ, ಜನ ಹಾಡಿದರು. ಮೊದಲ ಚರಣಕ್ಕೇ ಅರ್ಧ ಸಭೆ ಕಣ್ಣೊರೆಸಿಕೊಂಡಿತು. ಮೂರನೆಯದಕ್ಕೆ ಬಂದಾಗ ಜನ ಹೊಸಿಲಿನಿಂದ ಹೊಳೆಗೆ ಹಾರಿದರು. ಪಿಟೀಲು ಹಾರಲಿಲ್ಲ. ಅದು ಎರಡನೆಯ ಸಾಲಿನಲ್ಲಿತ್ತು. ಹಾಡು ಒಂದು ಕಡೆ, ಪಿಟೀಲು ಒಂದು ಕಡೆ ಆಗಿ ಎಲ್ಲ ಕಲಸಿಹೋಯಿತು. ಜನ ನಿಂತರು. ಅಜ್ಜನೂ ಕಮಾನು ಎತ್ತಿದ.

“ತಪ್ಪಾಯ್ತು,” ಎಂದ ಅಜ್ಜ ಮೈಕಿನಲ್ಲಿ. “ಇನ್ನೊಂದು ಸಲ ಹೇಳಿ.”

ಮತ್ತೆ ಶುರುಮಾಡಿದರು. ಮತ್ತೆ ಅಲ್ಲೇ ಎಡವಿತು. ಮುಂದಿನ ಸಾಲಿನಲ್ಲಿ ಯಾರೋ, “ಪಾಪ, ವಯಸ್ಸಾಯ್ತು” ಎಂದದ್ದು ಎಲ್ಲರಿಗೂ ಕೇಳಿಸಿತು. ಅಜ್ಜನಿಗೂ ಕೇಳಿಸಿತು. ಅವನು ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು, “ಅವನ ಜೊತೆ ನಲವತ್ತು ವರ್ಷ ನುಡಿಸಿದೆ. ಇವತ್ತು ಅವನ ಹಾಡೇ ಮರೆತು ಹೋಯ್ತಲ್ಲಪ್ಪಾ. ನೀವೇ ಹಾಡ್ಕೊಳ್ಳಿ, ನಾನು ಕೇಳ್ತೀನಿ,” ಎಂದ.

ಅದನ್ನು ಟೇಪಕ್ಕನಿಗೆ ತಡೆಯಲಾಗಲಿಲ್ಲ. ತನ್ನ ತಪ್ಪನ್ನು ತಾನು ಮೂವತ್ತು ವರ್ಷ ಹೊತ್ತದ್ದು ಬೇರೆ, ಅದನ್ನು ಈ ಮುದುಕನ ತಲೆಗೆ ಹೊರಿಸಿ ಕಳಿಸುವುದು ಬೇರೆ. ಪರದೆಯ ಹಿಂದಿನಿಂದ ಅವಳು ವೇದಿಕೆಗೆ ಬಂದಳು. ಸಾವಿರ ಸಭೆಗೆ ಮೈಕು ಕಟ್ಟಿದವಳು. ಮೈಕಿನ ಮುಂದೆ ನಿಂತದ್ದು ಅದೇ ಮೊದಲು.

“ಅಜ್ಜ ಮರೆತಿಲ್ಲ,” ಎಂದಳು. “ತಪ್ಪು ನಂದು. ಸ್ವಲ್ಪ ಇರಿ.”

ಡಬ್ಬಿಯಿಂದ ಮೂಲ ಕ್ಯಾಸೆಟ್ ತೆಗೆದು ಡೆಕ್ಕಿಗೆ ಹಾಕಿದಳು. ಹಾಡುಗಾರನ ದನಿ ಬಂತು, ಮೂವತ್ತು ವರ್ಷ ಎಳೆಯದು. ಹೊಸಿಲಿನಲ್ಲಿ ನಿಂತ ಅವ್ವ ಕೈಯ ಅಡ್ಡ ಇಟ್ಟಳು. ಹೋಗಬೇಡ ಎನ್ನ… ಅಲ್ಲಿಗೆ ಟೇಪು ಮುಗಿದು ಗುಂಡಿ ‘ಟಕ್’ ಎಂದಿತು. ಉಳಿದದ್ದನ್ನು ಟೇಪಕ್ಕ ಹೇಳಿದಳು. ಹೇಳಲು ಹೋದದ್ದು ತಾನಾಗಿ ಹಾಡಾಯಿತು. ದೊಡ್ಡ ದನಿಯಲ್ಲ, ಅಡುಗೆಮನೆಯಲ್ಲಿ ಗುನುಗುವಷ್ಟು. ಬುತ್ತಿ ಕೊಟ್ಟಳು ಎಂಬಲ್ಲಿ ಪಿಟೀಲು ಅವಳನ್ನು ಬಂದು ಸೇರಿಕೊಂಡಿತು. ಎರಡನೆಯ ಸಾಲಾಯಿತು, ದೀಪ ಹಿಂದೆ ಹಿಡಿದ ಸಾಲಾಯಿತು.

“ಅದೇ! ಅದೇ ಕಣಮ್ಮಾ!” ಎಂದು ಅಜ್ಜ ಮಗುವಿನ ಹಾಗೆ ಕೂಗಿದ.

ಮೇಷ್ಟ್ರು ಕುರ್ಚಿಯಲ್ಲಿ ನಿಧಾನಕ್ಕೆ ಕುಗ್ಗಿದರು. ಪಕ್ಕದವನು ಕಿವಿಯಲ್ಲಿ, “ಹನ್ನೊಂದು ಪುಟ ಸಾರ್” ಎಂದ. ಆದರೆ ಟೇಪಕ್ಕ ನೋಡುತ್ತಿದ್ದುದು ದರ್ಜಿಯ ಕಡೆಗೆ. ಅವನು ಎದ್ದು ನಿಂತಿದ್ದ. ಸಭೆ ಮುಗಿಯುವ ಮೊದಲೇ ಹೊರಗೆ ಹೋಗಿಬಿಟ್ಟ.

ಎಂಟು ದಿನ ಅವನು ಅವಳ ಅಂಗಡಿಯ ಕಡೆ ಸುಳಿಯಲಿಲ್ಲ. ಒಂಬತ್ತನೆಯ ದಿನ ಬಂದು ಬೆಂಚಿನ ಮೇಲೆ ಕೂತ. ಅವಳು ಬಿಚ್ಚಿದ್ದ ರೇಡಿಯೋದ ಸ್ಕ್ರೂ ತಿರುಗಿಸುತ್ತಲೇ ಇದ್ದಳು.

“ಮೂವತ್ತು ವರ್ಷ,” ಎಂದ ಕೊನೆಗೆ. “ಮೂವತ್ತು ವರ್ಷ ಆ ತಾಯಿನ ಬೈಕೊಂಡೆ ನಾನು. ನಮ್ಮಮ್ಮನ್ನೂ ಸೇರಿಸಿ ಬೈಕೊಂಡೆ. ಒಂದು ಮಾತು ಹೇಳ್ಬಾರದಿತ್ತಾ ಅಕ್ಕಾ?”

“ಹೇಳಬೇಕಿತ್ತು.”

“ನಮ್ಮಮ್ಮನೂ ಅವತ್ತು ಏನೋ ಕಟ್ಟಿ ಕೊಟ್ಟಿದ್ದಳು ಕಣಕ್ಕಾ. ಕಾಗದದ ಪೊಟ್ಟಣ. ಬಸ್ಸಲ್ಲಿ ಬಿಚ್ಚಿ ತಿಂದಿದ್ದೆ. ಅದು ನೆನಪೇ ಇರಲಿಲ್ಲ ನೋಡು, ಮೊನ್ನೆ ನೀನು ಹಾಡೋ ತನಕ.”

ಅವಳು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಇಬ್ಬರೂ ಬಸ್ಸುಗಳನ್ನು ನೋಡುತ್ತಾ ಕೂತರು.

ಪೇಂಟರ್‌ನನ್ನು ಮತ್ತೆ ಕರೆಸಿದರು. ಅವನು ಗೋಡೆಯನ್ನು ಅಳೆದು ತಲೆ ಕೆರೆದುಕೊಂಡ. “ಎರಡು ಸಾಲಿಗೆ ಜಾಗ ಎಲ್ಲಿದೆ? ಪೂರ್ತಿ ಸುಣ್ಣ ಬಳಿದು ಮೊದಲಿಂದ ಬರೀಬೇಕು.”

“ಬೇಡ,” ಎಂದಳು ಟೇಪಕ್ಕ. “ನಡುವೆ ಸೇರಿಸು. ಸಣ್ಣ ಅಕ್ಷರ ಮಾಡು.”

“ಎದ್ದು ಕಾಣುತ್ತಕ್ಕಾ, ಆಮೇಲೆ ಸೇರಿಸಿದ್ದು ಅಂತ,” ಎಂದ ದರ್ಜಿ.

“ಕಾಣಲಿ. ಒಂದು ಸಲ ಕಾಣದ ಹಾಗೆ ಸೇರಿಸಿದ್ದು ಸಾಕು.”

ಇವತ್ತಿಗೂ ಪುರಭವನದ ಗೋಡೆಯಲ್ಲಿ ಅವು ಹಾಗೇ ಇವೆ. ಅಂಗೈಯಗಲದ ನೀಲಿ ಅಕ್ಷರಗಳ ನಡುವೆ ಬೆರಳ ಗಾತ್ರದ ಎರಡು ಸಾಲು. ಹೊಸಬರು ಹತ್ತಿರ ಹೋಗಿ, ಕತ್ತು ಮುಂದೆ ಚಾಚಿ ಓದುತ್ತಾರೆ. ಮೇಷ್ಟ್ರು ಆ ಸಾಲುಗಳ ಮೇಲೂ ಬರೆಯುತ್ತಿದ್ದಾರಂತೆ. ಈ ಸಲ ಎಷ್ಟು ಪುಟವೋ. ಊರಿನವರ ನಾಲಗೆ ಮಾತ್ರ ಸುಲಭಕ್ಕೆ ತಿದ್ದಿಕೊಳ್ಳಲಿಲ್ಲ. ಮೂರನೆಯ ಚರಣದಲ್ಲಿ ಹಾರುವುದು ಮೂವತ್ತು ವರ್ಷದ ರೂಢಿ. ಅದಕ್ಕೇ ಆಮೇಲೆ ಒಂದು ಒಪ್ಪಂದವಾಯಿತು. ಮೊದಲ ಸಾಲಾದ ಮೇಲೆ ಎಲ್ಲರೂ ಬಾಯಿ ಮುಚ್ಚುವುದು, ಆ ಎರಡು ಸಾಲನ್ನು ಟೇಪಕ್ಕ ಒಬ್ಬಳೇ ಹಾಡುವುದು, ಹೊಳೆಯ ಬಳಿ ಎಲ್ಲರೂ ಸೇರಿಕೊಳ್ಳುವುದು. ಎರಡು ವರ್ಷ ಹಾಗೇ ನಡೆಯಿತು.

ನಲವತ್ತು ದಿನದ ಹಿಂದೆ ಅವಳ ಮನೆಯ ಮುಂದೆ ಊರೇ ನೆರೆದಿತ್ತು. ಯಾರೋ ಆ ಹಾಡು ಎತ್ತಿದರು, ಉಳಿದವರು ಕೂಡಿದರು. ಮೂರನೆಯ ಚರಣದ ಮೊದಲ ಸಾಲು ಮುಗಿದು, ರೂಢಿಯಂತೆ ಎಲ್ಲರೂ ನಿಂತರು. ನಿಂತ ಮೇಲೆ, ಹಾಡಬೇಕಾದವಳು ಮಲಗಿದ್ದಾಳೆ ಎಂದು ನೆನಪಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ದರ್ಜಿ ಬಾಯಿ ತೆರೆದ. ಶ್ರುತಿ ಎಲ್ಲೋ, ಅವನೆಲ್ಲೋ. ಆದರೆ ಒಂದು ಮಾತೂ ಬಿಡದೆ ಎರಡೂ ಸಾಲನ್ನು ಹಾಡಿದ.